ಸೋಮಣ್ಣನವರೇ, ನಮ್ಮ ವಯಸ್ಸು ರೈಲ್ವೆ ಕಂಪ್ಯೂಟರಿಗೆ ಗೊತ್ತಿದೆ

ರೈಲ್ವೆ ರಾಜ್ಯ ಸಚಿವರೂ ನಮ್ಮ ತುಮಕೂರು ಸಂಸದರೂ ಆದ ಶ್ರೀ ವಿ. ಸೋಮಣ್ಣನವರಿಗೆ,

ನಮಸ್ಕಾರ. ನಾನು ತಿಪಟೂರಿನವನು. ಕೊಬ್ಬರಿ ಮಂಡಿಯಲ್ಲಿ 32 ವರ್ಷ ಲೆಕ್ಕ ಬರೆದು ಈಗ ಮನೆಯಲ್ಲಿದ್ದೇನೆ. ವಯಸ್ಸು 68. ಪೆನ್ಶನ್ ಇಲ್ಲ. ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೇವೆ. ಎರಡು ಮೂರು ತಿಂಗಳಿಗೊಮ್ಮೆ ನಾನು, ನಮ್ಮ ಮನೆಯವರು ರೈಲಿನಲ್ಲಿ ಹೋಗಿಬರುತ್ತೇವೆ. ನಾನು ಕೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಿರಿಯ ನಾಗರಿಕರಿಗೆ ಇದ್ದ ಟಿಕೆಟ್ ರಿಯಾಯಿತಿಯನ್ನು ವಾಪಸ್ ಕೊಡಿಸಿ.

60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ಬಿಡುತ್ತಿದ್ದರು. 2020ರ ಮಾರ್ಚ್ 20ರಿಂದ ಅದು ನಿಂತುಹೋಯಿತು. ಕೊರೊನಾ ಬಂದಿದೆ, ವಯಸ್ಸಾದವರು ಸುಮ್ನೆ ಓಡಾಡಬಾರದು ಅಂತ ಕಾರಣ ಹೇಳಿದರು. ಸರಿಯಾದ ಮಾತೇ. ನಾವೂ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತೆವು. ಆಮೇಲೆ ಕೊರೊನಾ ಹೋಯಿತು, ಮಾಸ್ಕ್ ಹೋಯಿತು, ನಿಂತಿದ್ದ ರೈಲುಗಳು ಓಡತೊಡಗಿದವು. ರಿಯಾಯಿತಿ ಮಾತ್ರ ಇನ್ನೂ ಕ್ವಾರಂಟೈನ್‌ನಲ್ಲೇ ಇದೆ.

ಬಸ್ಸಿಗೆ ಹೋಗಬಹುದಲ್ವಾ ಅಂತ ಯಾರಾದರೂ ಕೇಳಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಮನೆಯವರಿಗೆ ಸಾದಾ ಬಸ್ಸು ಪುಕ್ಕಟೆ. ನನಗೂ ಹಿರಿಯ ನಾಗರಿಕ ಅಂತ ಶೇ. 25 ಬಿಡುತ್ತಾರೆ. ದುಡ್ಡು ಒಂದನ್ನೇ ನೋಡಿದರೆ ಬಸ್ಸೇ ಸರಿ. ಆದರೆ ಈ ವಯಸ್ಸಿನಲ್ಲಿ ಮೈ ಬೇರೆ ಲೆಕ್ಕ ಹೇಳುತ್ತದೆ. ಬರೆಯಲು ಸಂಕೋಚ, ಆದರೂ ಬರೆಯುತ್ತೇನೆ. ನನಗೆ ಶುಗರ್ ಇದೆ. ಗಂಟೆಗೊಮ್ಮೆ ಎದ್ದು ಹೋಗಬೇಕು. ಬಸ್ಸನ್ನು ಎಷ್ಟು ಸಲ ನಿಲ್ಲಿಸಿ ಅಂತ ಕೇಳುವುದು? ಬಸ್ಸಿಗೆ ಹೋಗುವ ದಿನ ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಮಾತ್ರೆಯನ್ನೂ ಒಂದೇ ಗುಟುಕಿನಲ್ಲಿ ನುಂಗುತ್ತಿದ್ದೆ. ನಮ್ಮ ಮನೆಯವರಿಗೆ ಕೀಲುನೋವು. ಎರಡು ಗಂಟೆ ಕಾಲು ಮಡಚಿ ಕೂತರೆ, ಇಳಿಯುವಾಗ ಯಾರಾದರೂ ಹಿಡಿದುಕೊಳ್ಳಲೇಬೇಕು. ರೈಲಿನಲ್ಲಾದರೆ ಎದ್ದು ನಾಲ್ಕು ಹೆಜ್ಜೆ ಹಾಕಬಹುದು, ಕಾಲು ಚಾಚಬಹುದು. ಶೌಚಾಲಯ ಇದೆ. ಎಷ್ಟೇ ವಾಸನೆ ಬರಲಿ, ಇದೆಯಲ್ಲ! ನನ್ನ ವಯಸ್ಸಿನ ಯಾರನ್ನು ಬೇಕಾದರೂ ಕೇಳಿ ನೋಡಿ. ರೈಲೇ ಯಾಕೆ ಅಂದರೆ, ಸ್ವಲ್ಪ ನಾಚಿಕೊಂಡು ಇದೇ ಉತ್ತರ ಕೊಡುತ್ತಾರೆ.

ಸಂಸತ್ತಿನಲ್ಲಿ ಈ ಪ್ರಶ್ನೆ ಬಂದಾಗ ಸಚಿವ ಅಶ್ವಿನಿ ವೈಷ್ಣವ್ ಅವರು ಕೊಟ್ಟ ಉತ್ತರವನ್ನು ಪೇಪರಿನಲ್ಲಿ ಓದಿದ್ದೇನೆ. 2022-23ರಲ್ಲಿ ಪ್ರಯಾಣಿಕರಿಗೆ ಕೊಟ್ಟ ಸಬ್ಸಿಡಿ 56,993 ಕೋಟಿ ರೂಪಾಯಿ. 100 ರೂಪಾಯಿ ಖರ್ಚಾಗುವ ಸೇವೆಗೆ 54 ರೂಪಾಯಿ ಮಾತ್ರ ತೆಗೆದುಕೊಳ್ಳುತ್ತೇವೆ, ಹಾಗಾಗಿ ಪ್ರತಿಯೊಬ್ಬರಿಗೂ ಶೇ. 46 ರಿಯಾಯಿತಿ ಸಿಗುತ್ತಲೇ ಇದೆ ಅಂತ. ನಾನು ಲೆಕ್ಕ ಬರೆದವನು ಸ್ವಾಮಿ. ಬಂದ ಗಿರಾಕಿಗೆಲ್ಲ ಒಂದೇ ಬೆಲೆಗೆ ಕೊಟ್ಟರೆ ಅದನ್ನು ನಮ್ಮ ಮಂಡಿಯಲ್ಲಿ ರೇಟು ಅನ್ನುತ್ತಿದ್ದೆವು. ರಿಯಾಯಿತಿ ಅಂತ ಯಾರೂ ಅನ್ನುತ್ತಿರಲಿಲ್ಲ. ಅದೂ ಅಲ್ಲದೆ ಈ ಸಬ್ಸಿಡಿ ಹೊಸದೇನಲ್ಲ. ಕೊರೊನಾಕ್ಕೂ ಮುಂಚೆಯೇ, ಖರ್ಚಿನಲ್ಲಿ ಶೇ. 57 ಮಾತ್ರ ರೈಲ್ವೆಗೆ ವಾಪಸ್ ಬರುತ್ತದೆ ಅಂತ ಟಿಕೆಟ್ ಮೇಲೇ ಅಚ್ಚು ಹಾಕುತ್ತಿದ್ದರು. ಆಗ ಅದರ ಮೇಲೂ ನಮಗೆ 40, 50 ಬಿಡುತ್ತಿದ್ದರಲ್ಲ?

ಇನ್ನೊಂದು ಲೆಕ್ಕ. ಆರ್‌ಟಿಐ ಅರ್ಜಿಯೊಂದಕ್ಕೆ ಸಿಕ್ಕ ಉತ್ತರ ಪತ್ರಿಕೆಗಳಲ್ಲಿ ಬಂದಿತ್ತು. ರಿಯಾಯಿತಿ ನಿಂತ ಮೊದಲ ಐದು ವರ್ಷದಲ್ಲಿ ಹಿರಿಯರಿಂದ ರೈಲ್ವೆಗೆ ಹೆಚ್ಚಿಗೆ ಬಂದದ್ದು ಸುಮಾರು 8,900 ಕೋಟಿ. ಓಡಾಡಿದವರು ಸುಮಾರು 31 ಕೋಟಿ. ಭಾಗಿಸಿ ನೋಡಿದೆ. ಒಂದು ಪ್ರಯಾಣಕ್ಕೆ ತಲೆಗೆ 285 ರೂಪಾಯಿ ಆಸುಪಾಸು. ನಮ್ಮ ಹುಬ್ಬಳ್ಳಿ ಸ್ಲೀಪರ್ ಟಿಕೆಟ್ಟಿನಲ್ಲಿ ಅಷ್ಟೆಲ್ಲ ಉಳಿಯುವುದಿಲ್ಲ, ಸುಳ್ಳು ಹೇಳಬಾರದು. ಎಸಿಯಲ್ಲಿ ದೆಹಲಿ, ಕಾಶಿ ಅಂತ ದೂರ ಹೋಗುವವರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ನಮಗೆ ಉಳಿಯುವುದು ಮೊಮ್ಮಗನಿಗೆ ಒಂದು ಅಂಗಿಯ ದುಡ್ಡು ಇರಬಹುದು. ಆದರೆ ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದಕ್ಕೂ ಅಂಗಿ ಹಿಡಿದುಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಬಿಡಿಸಿ ಹೇಳಬೇಕೇ?

ಫಸ್ಟ್ ಎಸಿಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಕನಿಷ್ಠ ಸ್ಲೀಪರಿಗೆ, ಥರ್ಡ್ ಎಸಿಗೆ ಕೊಡುವುದನ್ನು ಪರಿಶೀಲಿಸಿ ಅಂತ ಸಂಸತ್ತಿನ ರೈಲ್ವೆ ಸ್ಥಾಯಿ ಸಮಿತಿಯೇ ಹೇಳಿತ್ತು. ಆಗ ಅದರ ಅಧ್ಯಕ್ಷರು ನಿಮ್ಮದೇ ಪಕ್ಷದ ರಾಧಾ ಮೋಹನ್ ಸಿಂಗ್. ಅನುಕೂಲಸ್ಥರಿಗೂ ಸುಮ್ನೆ ಯಾಕೆ ಅನ್ನುವುದಾದರೆ ಅದಕ್ಕೂ ದಾರಿ ಮೊದಲೇ ಇತ್ತು. ರಿಯಾಯಿತಿ ಬೇಡ ಅಥವಾ ಅರ್ಧ ಸಾಕು ಅಂತ ಬುಕ್ ಮಾಡುವಾಗ ಬಿಟ್ಟುಕೊಡಬಹುದಿತ್ತು. ಕಂಪ್ಯೂಟರಿಗೆ ಕಷ್ಟ ಅನ್ನುವ ಹಾಗೂ ಇಲ್ಲ. ಈಗಲೂ ಟಿಕೆಟ್ ಮಾಡಿಸುವಾಗ ವಯಸ್ಸು ಬರೆಯುತ್ತೇವೆ. ಅದನ್ನು ನೋಡಿ, ಖಾಲಿ ಇದ್ದರೆ ಕೆಳಗಿನ ಬರ್ತ್ ತಾನಾಗಿಯೇ ಕೊಡುತ್ತದೆ. ಮುದುಕರು, ಮೇಲೆ ಹತ್ತಲಾರರು ಅಂತ ಅದಕ್ಕೆ ಗೊತ್ತು. ದುಡ್ಡು ತೆಗೆದುಕೊಳ್ಳುವಾಗ ಮರೆತುಹೋಗುತ್ತದೆ.

ಅಂಗವಿಕಲರ ರಿಯಾಯಿತಿಯನ್ನು ಮುಂದುವರಿಸಿದ್ದೀರಿ, ಅದಕ್ಕೆ ಕೃತಜ್ಞತೆ. ಸ್ಲೀಪರಿನಲ್ಲಿ ಶೇ. 75, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಆದರೆ ಕಾಲು ಊನವಾದವರ ವಿಷಯದಲ್ಲಿ ಒಂದು ಷರತ್ತಿದೆ. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದವರು ಅಂತ ಡಾಕ್ಟರ್ ಬರೆದುಕೊಡಬೇಕು. ನಮ್ಮ ಬೀದಿಯಲ್ಲಿ ಪೋಲಿಯೋ ಆದ ಒಬ್ಬರಿದ್ದಾರೆ. ಕೋಲು ಊರಿಕೊಂಡು ಸರ್ಟಿಫಿಕೇಟಿಗೆ ಒಬ್ಬರೇ ಹೋದರು. ಒಬ್ಬರೇ ಬಂದಿದ್ದೀರಲ್ಲ, ಜೊತೆಗಾರರು ಯಾಕೆ ಅಂತ ವಾಪಸ್ ಕಳಿಸಿದರಂತೆ. ಬರೆಯದ ಡಾಕ್ಟರನ್ನು ನಾನು ದೂರುವುದಿಲ್ಲ, ಫಾರಂನಲ್ಲಿ ಇರುವುದೇ ಹಾಗೆ. ಹಟ ಮಾಡಿ ತಾನೇ ನಡೆಯಲು ಕಲಿತವನಿಗೆ ಪೂರ್ತಿ ಚಾರ್ಜು ಅಂದರೆ ಯಾವ ನ್ಯಾಯ? ಆ ಸಾಲನ್ನು ತೆಗೆಸಿ.

ವಿದ್ಯಾರ್ಥಿಗಳದ್ದು ಇನ್ನೂ ಸುಲಭ, ಒಂದು ಬೋರ್ಡ್ ಹಾಕಿಸಿದರೆ ಸಾಕು. ಹೆಣ್ಣುಮಕ್ಕಳಿಗೆ ಡಿಗ್ರಿವರೆಗೆ, ಗಂಡುಮಕ್ಕಳಿಗೆ 12ನೇ ತರಗತಿವರೆಗೆ ಮನೆಯಿಂದ ಕಾಲೇಜಿಗೆ ಸೆಕೆಂಡ್ ಕ್ಲಾಸ್ ತಿಂಗಳ ಪಾಸು ಉಚಿತ. ನಮ್ಮ ಬೀದಿಯ ಹುಡುಗಿಯರಿಗೆ ನಾನು ಹೇಳಿದಾಗ ನಂಬಲಿಲ್ಲ. ತಾತ ಯಾವುದೋ ಹಳೇ ಕಾಲದ್ದು ಹೇಳುತ್ತಿದ್ದಾರೆ ಅಂದುಕೊಂಡರು. ತಿಪಟೂರು, ಗುಬ್ಬಿ, ತುಮಕೂರು ಸ್ಟೇಷನ್‌ಗಳಲ್ಲಿ ಕೌಂಟರ್ ಪಕ್ಕ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ ಹಾಕಿಸಿ.

ಮುಂದಿನ ತಿಂಗಳು ಹುಬ್ಬಳ್ಳಿಗೆ ಹೋಗಲು ಟಿಕೆಟ್ ಮಾಡಿಸಿಯಾಗಿದೆ, ಪೂರ್ತಿ ದುಡ್ಡು ಕೊಟ್ಟು. ಅದರ ನಂತರ ಮೊಮ್ಮಗನ ಹುಟ್ಟುಹಬ್ಬಕ್ಕೆ ಹೋಗಬೇಕು. ಬುಕಿಂಗ್ ತೆರೆಯುವುದು 60 ದಿನ ಮುಂಚೆ ತಾನೇ, ಇನ್ನೂ ಸಮಯವಿದೆ. ಅಷ್ಟರೊಳಗೆ ನಿಮ್ಮಿಂದ ಏನಾದರೂ ಸುದ್ದಿ ಬಂದರೆ ಕೌಂಟರಿಗೆ ನಮ್ಮ ಮನೆಯವರನ್ನೂ ಕರೆದುಕೊಂಡು ಹೋಗುತ್ತೇನೆ.

ಇಂತಿ ನಿಮ್ಮ ಕ್ಷೇತ್ರದ ಮತದಾರ,
ತಿಪಟೂರು