ತಿಂಗಳ ಕೊನೆಯ ನಿದ್ದೆ

ಮಾನ್ಯ ಸಂಪಾದಕರೇ,

ದುಡ್ಡಿನಿಂದ ನೆಮ್ಮದಿ ಬರಲ್ಲ ಅನ್ನುವವರು ಒಮ್ಮೆ ನಮ್ಮ ಇಳಕಲ್‌ನ ನೇಕಾರರ ಓಣಿಗೆ ಬರಬೇಕು. ನಾನು ಬೆಳೆದದ್ದು ಅಲ್ಲೇ. ಅಪ್ಪ ಕುಣಿ ಮಗ್ಗದಲ್ಲಿ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗದಲ್ಲಿ, ಸೀರೆ ನೇಯುತ್ತಿದ್ದರು, ಸೀರೆ ಮುಗಿದರೆ ಕೂಲಿ, ಮಳೆಗಾಲದಲ್ಲಿ ಕುಣಿಗೆ ನೀರು ಬಸಿದರೆ ಕೆಲಸವೂ ಇಲ್ಲ ಕೂಲಿಯೂ ಇಲ್ಲ. ಆಗ ಅವ್ವ ಜೋಳದ ಡಬ್ಬಿಯ ತಳ ಕೆರೆಯುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮನೆಯಲ್ಲಿ ಜಗಳ ಅಂತ ಆದರೆ ಅದು ದುಡ್ಡಿಗೇ.

2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆ ಶುರುವಾದ ಮೇಲೆ ಅವ್ವನ ಖಾತೆಗೆ ತಿಂಗಳಿಗೆ 2,000 ರೂಪಾಯಿಯಂತೆ ಬರುತ್ತಿದೆ. ಅಷ್ಟೇ ಅಲ್ವಾ ಅನ್ನಬಹುದು. ಆದರೆ ಬಿಪಿ ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದ ಅವ್ವ ಈಗ ಪೂರ್ತಿ ನುಂಗುತ್ತಾಳೆ, ಉದ್ರಿ ಬಾಕಿ ಇದೆ ಅಂತ ಕಿರಾಣಿ ಅಂಗಡಿ ತಪ್ಪಿಸಿ ಸುತ್ತು ಹಾಕಿ ಹೋಗುವುದು ನಿಂತಿದೆ, ರಾತ್ರಿ ನಿದ್ದೆ ಬರುತ್ತದೆ. ಇದನ್ನು ಸುಮ್ನೆ ಬಿಟ್ಟಿ ಭಾಗ್ಯ ಅಂತ ಆಡಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಒಂದು ಮಾತು. ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದರೆ ಸಾಲದು, ಮಾತ್ರೆ ಪ್ರತಿ ತಿಂಗಳೂ ಬೇಕು. ಇಂಥದೇ ತಾರೀಖು ಅಂತ ಗೊತ್ತುಮಾಡಿ ಜಮೆ ಮಾಡಲಿ. ಮಳೆಗಾಲದಲ್ಲಿ ಮಗ್ಗ ನಿಂತ ದಿನಗಳಿಗೂ ನೇಕಾರರಿಗೆ ಏನಾದರೂ ಕೂಲಿ ಸಿಗುವಂತಾಗಲಿ.

– ನೇಕಾರರ ಮಗಳು, ಇಳಕಲ್, ಬಾಗಲಕೋಟೆ ಜಿಲ್ಲೆ