ಮಗಳಿಗೊಂದು ಪತ್ರ: ಎದುರಿನ ಎರಡು ಹೊಂಗೆ ಮರಗಳು

ಸರಸ್ವತೀಪುರಂ, ಮೈಸೂರು

ಚಿ. ಸೌ. ಮಗಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನೀನೂ ಅಳಿಯಂದಿರೂ ನೋಡಿಟ್ಟಿರುವ ಎರಡು ಮನೆಗಳ ವಿವರ ತಲುಪಿತು. ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆಯ ಮನೆ ವಿಶಾಲವಾಗಿದೆ, ಆದರೆ ನೀನು ಕಳುಹಿಸಿದ ಫೋಟೋಗಳಲ್ಲಿ ಬೀದಿಯುದ್ದಕ್ಕೂ ಒಂದೇ ಒಂದು ಮರ ಕಾಣಲಿಲ್ಲ. ಕುವೆಂಪುನಗರದ್ದು ಹಳೆಯದು, ಒಂದು ಕೋಣೆ ಕಡಿಮೆ, ಆದರೆ ಎದುರಿಗೆ ಎರಡು ಹೊಂಗೆ ಮರಗಳಿವೆ. ಮೂರು ತಲೆಮಾರಿನಿಂದ ಸಕ್ಕರೆ ಕಾಯಿಲೆ ಬಿಡದ ಮನೆತನ ನಮ್ಮದು; ಆದ್ದರಿಂದ ಆ ಮರಗಳನ್ನೂ ಲೆಕ್ಕಕ್ಕೆ ಹಿಡಿ ಎಂದು ಹೇಳಲು ಬರೆಯುತ್ತಿದ್ದೇನೆ.

ಅಮೆರಿಕದ ಮಯಾಮಿ-ಡೇಡ್ ಕೌಂಟಿಯ 65 ವರ್ಷ ದಾಟಿದ ಸುಮಾರು 2,50,000 ಜನರ ಆರೋಗ್ಯ ದಾಖಲೆಗಳನ್ನು ಅವರ ವಾಸಸ್ಥಳದ ಹಸಿರಿನೊಂದಿಗೆ ತಾಳೆ ಹಾಕಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೊರಚೆಲ್ಲುವುದರಿಂದ ಹಸಿರನ್ನು ಉಪಗ್ರಹದಿಂದಲೇ ಅಳೆಯಲು ಸಾಧ್ಯವಾಗುತ್ತದೆ. ಹಸಿರು ಹೆಚ್ಚಿದ್ದ ಕಡೆ, ಕಡಿಮೆ ಇದ್ದ ಕಡೆಗಿಂತ, ಮಧುಮೇಹ ಶೇ. 14ರಷ್ಟೂ ಅಧಿಕ ರಕ್ತದೊತ್ತಡದ ಕಾಯಿಲೆ ಶೇ. 13ರಷ್ಟೂ ಕಡಿಮೆಯಿತ್ತು, ಈ ವ್ಯತ್ಯಾಸ ಬಡವರ ಬಡಾವಣೆಗಳಲ್ಲಿ ಇನ್ನೂ ಎದ್ದು ಕಂಡಿತು. ಹಾಗೆಂದು ಮರವೇ ಕಾಯಿಲೆಯನ್ನು ತಡೆಯಿತೆನ್ನಲು ಬರುವುದಿಲ್ಲ, ಏಕೆಂದರೆ ಮೊದಲೇ ಆರೋಗ್ಯವಾಗಿದ್ದವರು ಹಸಿರಿರುವ ಕಡೆ ಮನೆ ಮಾಡಿರಲೂಬಹುದು.

ಆದರೂ ನಾನು ಅದನ್ನು ನಂಬುವುದಕ್ಕೆ ಕಾರಣ ನಿನ್ನ ಅಮ್ಮ. ನಮ್ಮ ಗೇಟಿನ ಮುಂದಿದ್ದ ಹೊಂಗೆ ನಿನಗೆ ನೆನಪಿರಬೇಕು. ಬೇಸಿಗೆಯಲ್ಲಿ ಅದರ ಹೂವು ಚರಂಡಿಯ ಚಪ್ಪಡಿಯ ಮೇಲೆಲ್ಲ ಕಡಲೆಪುರಿ ಚೆಲ್ಲಿದ ಹಾಗೆ ಬಿದ್ದಿರುತ್ತಿತ್ತು, ಅವಳು ಗುಡಿಸುತ್ತಾ ಗೊಣಗುತ್ತಿದ್ದಳು. ಮಧ್ಯಾಹ್ನ ಊಟವಾದ ಅರ್ಧ ಗಂಟೆಗೆ ಅದೇ ನೆರಳಿನಲ್ಲಿ ಪಕ್ಕದ ಮನೆಯವರೊಂದಿಗೆ ಬೀದಿಯ ಕೊನೆಯವರೆಗೆ ಎರಡು ಸಲ ಹೋಗಿ ಬರುತ್ತಿದ್ದಳು. ಊಟದ ಮೇಲಿನ ನಡಿಗೆಯಲ್ಲಿ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದ್ದು ಅವಳಿಗೆ ಹಿಡಿಸಿತ್ತು. ಹೋದ ವರ್ಷ ಕಾರು ತಿರುಗಿಸಲು ಅಡ್ಡಿಯೆಂದು ಎದುರು ಮನೆಯವರು ಮರ ಕಡಿಸಿದರು. ಈಗ ಡಾಂಬರು ಕಾದು ಕುದಿಯುತ್ತದೆ. ಅವಳು ಊಟ ಮುಗಿಸಿ ಟಿವಿಯ ಮುಂದೆ ಕೂರುತ್ತಾಳೆ, ಸಕ್ಕರೆಯೂ ಏರಿದೆ. ಎಲ್ಲವನ್ನೂ ಮರದ ಲೆಕ್ಕಕ್ಕೇ ಹಾಕಲಾರೆ, ಹಬ್ಬದ ಮೈಸೂರುಪಾಕಿನ ಪಾಲೂ ಇದೆ.

ಪ್ಲೇಗಿನ ಪೆಟ್ಟು ತಿಂದ ಮೇಲೆ 1903ರಲ್ಲಿ ನಗರ ಸುಧಾರಣೆಗೆಂದೇ ಮಂಡಳಿ ಕಟ್ಟಿಕೊಂಡ ಊರು ನಮ್ಮದು. ಮನೆಯ ಹೊರಗಿನ ಸಂಗತಿಗಳಿಗೂ ಕಾಯಿಲೆಗೂ ಇರುವ ನಂಟು ಇಲ್ಲಿಯವರಿಗೆ ಹೊಸದಲ್ಲ.

ಮುಂಗಡ ಕೊಡುವ ಮುಂಚೆ ಒಂದು ದಿನ ಮಧ್ಯಾಹ್ನ ಎರಡು ಗಂಟೆಗೆ ಎರಡೂ ಬೀದಿಗಳಲ್ಲಿ ನಡೆದು ನೋಡು, ವಯಸ್ಸಾದವರು ಯಾರಾದರೂ ಹೊರಗಿದ್ದಾರೆಯೇ ಗಮನಿಸು. ಆ ಹೊಂಗೆಗಳ ಮೇಲೆ ಕರೆಂಟಿನ ತಂತಿ ಹಾದಿದೆಯೇ ಎಂಬುದನ್ನೂ ನೋಡಿಕೊ. ಹಾದಿದ್ದರೆ ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯಲು ಬಂದೇ ಬರುತ್ತಾರೆ. ಭಾನುವಾರವಾದರೆ ನಾನೂ ಬರುತ್ತೇನೆ. ಅಮ್ಮನನ್ನೂ ಊಟ ಮಾಡಿಸಿಕೊಂಡೇ ಕರೆತರುತ್ತೇನೆ, ಅವಳು ಬೀದಿಯ ಕೊನೆಯವರೆಗೆ ಹೋಗಿ ಬರಲಿ.

ಇಂತಿ,
ನಿನ್ನ ಅಪ್ಪ