ಗರ್ಭದ ಚಿತ್ರ: ಅಡಿಬರಹ ಸರಿಯಾಗಿರಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುರವಣಿಯಲ್ಲಿ ಬಸಿರಿನ ಬಗ್ಗೆ ಲೇಖನ ಬಂದರೆ ಜೊತೆಗೊಂದು ಚಿತ್ರ ಇದ್ದೇ ಇರುತ್ತದೆ. ಕಪ್ಪು ಹಿನ್ನೆಲೆ, ನಡುವೆ ಹೊಳೆಯುವ ಕೆಂಬಣ್ಣದ ಪುಟ್ಟ ದೇಹ, ಕೆಳಗೆ ‘ತಾಯಿಯ ಗರ್ಭದಲ್ಲಿ ಮಗು’ ಎಂಬ ಸಾಲು. ಆ ಸಾಲು ಬಹಳ ಸಲ ತಪ್ಪಾಗಿರುತ್ತದೆ. ಅದರ ಪರಿಣಾಮ ಸ್ಕ್ಯಾನಿಂಗ್ ಕೋಣೆಯಲ್ಲಿ ಗೊತ್ತಾಗುತ್ತದೆ: ಪರದೆಯ ಮೇಲಿನ ಬೂದು ಚುಕ್ಕೆಗಳನ್ನು ಪತ್ರಿಕೆಯ ಚಿತ್ರಕ್ಕೆ ಹೋಲಿಸಿಕೊಂಡು, ‘ನನ್ನ ಮಗುವಿನ ಮುಖವೇ ಕಾಣ್ತಿಲ್ಲವಲ್ಲ’ ಎಂದು ಬಸುರಿ ಹೆಂಗಸು ಗಾಬರಿಯಾಗುತ್ತಾಳೆ.

ಇಂಥ ಚಿತ್ರಗಳನ್ನು ಜಗತ್ತಿಗೆ ಪರಿಚಯಿಸಿದವರು ಸ್ವೀಡನ್ನಿನ ಛಾಯಾಗ್ರಾಹಕ ಲೆನ್ನಾರ್ಟ್ ನಿಲ್ಸನ್. ಅವರು ತೆಗೆದ 18 ವಾರದ ಭ್ರೂಣದ ಚಿತ್ರ 1965ರ ಏಪ್ರಿಲ್ 30ರ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಬಂತು. ಆ ಸಂಚಿಕೆಯ ಭ್ರೂಣಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಬೇರೆ ಬೇರೆ ವೈದ್ಯಕೀಯ ಕಾರಣಗಳಿಗಾಗಿ ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆಯಲಾಗಿತ್ತು. ಅದನ್ನು ಆ ಪತ್ರಿಕೆ ಮುಚ್ಚಿಡಲಿಲ್ಲ, ಬರೆದೇ ಇತ್ತು. ಚಿತ್ರ ಕೈಯಿಂದ ಕೈಗೆ ಹೋಗುವಾಗ ಆ ವಾಕ್ಯ ಮಾತ್ರ ಉದುರಿಹೋಯಿತು. ಹೊರತೆಗೆದ ಭ್ರೂಣವನ್ನು ದ್ರವದಲ್ಲಿಟ್ಟು, ಬೇಕಾದ ದಿಕ್ಕಿನಿಂದ ಬೆಳಕು ಕೊಟ್ಟು, ಮ್ಯಾಕ್ರೋ ಲೆನ್ಸಿನಲ್ಲಿ ತೆಗೆದರೆ ಚರ್ಮದ ಕೆಳಗಿನ ರಕ್ತನಾಳವೂ ಕಾಣುತ್ತದೆ. ಗರ್ಭಕೋಶದ ಒಳಗೆ ಅಂಥ ಬೆಳಕೂ ಇಲ್ಲ, ಕ್ಯಾಮೆರಾ ಹಿಂದಕ್ಕೆ ಸರಿಯಲು ಜಾಗವೂ ಇಲ್ಲ.

ಉಳಿದ ಆ ಒಂದು ಚಿತ್ರ ಮಾತ್ರ ಜೀವಂತ ಗರ್ಭದೊಳಗಿನದು: 15 ವಾರದ ಮಗುವನ್ನು ಒಂದು ಅಂಗುಲ ದೂರದಿಂದ, ಎಂಡೋಸ್ಕೋಪಿನ (ಮೈಯೊಳಗೆ ತೂರಿಸಿ ನೋಡುವ ಕೊಳವೆ) ತುದಿಯ ಪುಟ್ಟ ಫ್ಲ್ಯಾಶ್ ಮತ್ತು ವೈಡ್ ಆ್ಯಂಗಲ್ ಲೆನ್ಸ್ ಬಳಸಿ ತೆಗೆದದ್ದು. ಅಷ್ಟು ಹತ್ತಿರದಿಂದ ವೈಡ್ ಆ್ಯಂಗಲ್ ಲೆನ್ಸಿನಲ್ಲಿ ತೆಗೆದಾಗ ಮುಂದಿರುವ ಕೈ ದೊಡ್ಡದಾಗಿ, ಹಿಂದಿರುವ ತಲೆ ಸಣ್ಣದಾಗಿ ಕಾಣುತ್ತದೆ. ಗರ್ಭಜಲದಲ್ಲಿ ತೇಲುವ ಕಣಗಳು ಬೆಳಕನ್ನು ಲೆನ್ಸಿಗೇ ತಿರುಗಿ ಎರಚುತ್ತವೆ, ಮಂಜಿನಲ್ಲಿ ಗಾಡಿಯ ಹೆಡ್‌ಲೈಟ್ ಹಾಕಿದ ಹಾಗೆ. ಗರ್ಭದೊಳಗೆ ನೋಡಲು ಬಳಸುವ ಇಂದಿನ ಎಂಡೋಸ್ಕೋಪ್, ಅಂದರೆ ಫೀಟೋಸ್ಕೋಪ್, ಎರಡು–ಮೂರು ಮಿಲಿಮೀಟರ್ ದಪ್ಪವಷ್ಟೇ. ಆದರೂ ಅದನ್ನು ಒಳಗೆ ಬಿಡಲು ಹೊಟ್ಟೆಯನ್ನೂ ಗರ್ಭಚೀಲವನ್ನೂ ಚುಚ್ಚಲೇಬೇಕು. ಚೀಲ ಒಡೆದು ನೀರು ಹೋಗುವ, ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವಿದೆ. ಹಾಗಾಗಿ ಒಂದೇ ಮಾಸು ಹಂಚಿಕೊಂಡ ಅವಳಿಗಳ ನಡುವಿನ ರಕ್ತನಾಳಗಳನ್ನು ಲೇಸರಿನಿಂದ ಮುಚ್ಚುವಂಥ ಚಿಕಿತ್ಸೆಗೆ ಮಾತ್ರ ಅದನ್ನು ಬಳಸುತ್ತಾರೆ. ಬರೀ ಫೋಟೊಗಾಗಿ ಯಾರೂ ಬಳಸಬಾರದು.

‘ಗರ್ಭಧಾರಣೆಯ ಕ್ಷಣ’ ಎಂದು ಅಚ್ಚಾಗುವ ಚಿತ್ರಗಳ ಕಥೆಯೂ ಬೇರೆಯೇ. ಅಂಡಾಣುವಿನ ಅಗಲ ಸುಮಾರು 0.1 ಮಿ.ಮೀ. ಅದು ವೀರ್ಯಾಣುವನ್ನು ಕೂಡುವುದು ತಾಯಿಯ ಅಂಡನಾಳದಲ್ಲಿ, ಆದರೆ ನಾವು ನೋಡುವ ಚಿತ್ರ ಪ್ರಯೋಗಾಲಯದ ತಟ್ಟೆಯದು. ಚೂಪಾಗಿ, ಬಣ್ಣಬಣ್ಣವಾಗಿ ಕಾಣುವ ವೀರ್ಯಾಣುಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದವು. ಮಾದರಿಯನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಗಟ್ಟಿ ಮಾಡಿ, ನೀರಿನಂಶ ತೆಗೆದು, ಚಿನ್ನದಂಥ ಲೋಹದ ತೆಳುಲೇಪ ಕೊಟ್ಟು ನಿರ್ವಾತದಲ್ಲಿಡುತ್ತಾರೆ. ಅಲ್ಲಿ ಜೀವಂತವಾದದ್ದು ಏನೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ. ಬಣ್ಣವನ್ನು ಆಮೇಲೆ ಬಳಿಯುತ್ತಾರೆ.

ಇನ್ನು ಸ್ಕ್ಯಾನ್. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಕೆಲಸದಿಂದ ಪ್ರಸೂತಿ ವೈದ್ಯಕ್ಕೆ ಬಂದ ಈ ವಿಧಾನದಲ್ಲಿ ಬೆಳಕಿಗೆ ಪಾತ್ರವಿಲ್ಲ, ಇರುವುದು ಶಬ್ದದ ಮಾರ್ದನಿ. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಸಾಗುತ್ತದೆ. ಹೊಟ್ಟೆಯ ಮೇಲಿಡುವ ಪ್ರೋಬಿನ 3.5 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 0.44 ಮಿ.ಮೀ. ಅದಕ್ಕಿಂತ ಸಣ್ಣ ವಿವರ ಈ ಅಲೆಗೆ ಸಿಕ್ಕುವುದಿಲ್ಲ. ಆವರ್ತನ ಏರಿಸಿದರೆ ಚಿತ್ರ ಚೂಪಾಗುತ್ತದೆ, ಆದರೆ ಶಬ್ದ ಆಳಕ್ಕೆ ಇಳಿಯುವುದಿಲ್ಲ. ತಾಯಿಯ ಹೊಟ್ಟೆಯ ಕೊಬ್ಬು ದಪ್ಪವಿದ್ದರೆ ಚಿತ್ರ ಮಸುಕಾಗುವುದು ಇದೇ ಕಾರಣಕ್ಕೆ, ಯಂತ್ರ ಕೆಟ್ಟಿದೆಯೆಂದಲ್ಲ.

ಜನ ಕೇಳಿ ಕೇಳಿ ಮಾಡಿಸುವ ತ್ರೀಡಿ ಮುಖಚಿತ್ರವೂ ಛಾಯಾಚಿತ್ರವಲ್ಲ, ಕಂಪ್ಯೂಟರ್ ಕಟ್ಟಿಕೊಟ್ಟ ಮೇಲ್ಮೈ. ಆ ಹೊಂಬಣ್ಣ ಸಾಫ್ಟ್‌ವೇರಿನದು. ಸುಮಾರು 26ರಿಂದ 30 ವಾರದೊಳಗೆ ಅದು ಚೆನ್ನಾಗಿ ಬರುತ್ತದೆ. ಅದಕ್ಕೆ ಮೊದಲು ಚರ್ಮದಡಿ ಕೊಬ್ಬು ಕಡಿಮೆ, ಮುಖ ಎಲುಬಿನಂತೆ ಕಾಣುತ್ತದೆ. ತಡವಾದರೆ ತಲೆ ಕೆಳಗಿಳಿದಿರುತ್ತದೆ, ಜಾಗ ಇಕ್ಕಟ್ಟಾಗಿರುತ್ತದೆ. ಮುಖದ ಮುಂದೆ ಗರ್ಭಜಲ ಇರಲೇಬೇಕು. ಕೈ, ಹೊಕ್ಕುಳಬಳ್ಳಿ ಅಥವಾ ಮಾಸು ಮುಖಕ್ಕೆ ತಾಗಿದ್ದರೆ ಸಾಫ್ಟ್‌ವೇರ್ ಅದನ್ನೂ ಮುಖವೆಂದೇ ಎಣಿಸಿ ಅಂಟಿಸಿಬಿಡುತ್ತದೆ. ಮಗು ನಡುವೆ ಅಲುಗಿದರೆ ಮುಖದ ಮೇಲೆ ಅಲೆ ಮೂಡುತ್ತದೆ. ನೆರಳು ಬಿದ್ದ ಕಡೆ ತುಟಿ ಸೀಳಿದಂತೆ ಕಾಣಬಹುದು. ಆದ್ದರಿಂದ ತ್ರೀಡಿಯಲ್ಲಿ ಕಂಡದ್ದನ್ನು ಮಾಮೂಲಿ ಬೂದು ಚಿತ್ರದಲ್ಲಿ ಖಚಿತಪಡಿಸದೆ ಯಾರೂ ವರದಿ ಬರೆಯಬಾರದು, ಮನೆಯವರೂ ಫೋಟೊ ನೋಡಿ ಹೆದರಬಾರದು. ಭ್ರೂಣದ ಲಿಂಗವನ್ನು ತಿಳಿಸುವುದು 1994ರ ಕಾಯ್ದೆಯಂತೆ ಅಪರಾಧ. ನೆನಪಿಗೊಂದು ಫೋಟೊ ಎಂಬ ನೆಪಕ್ಕೂ ಅದರಿಂದ ವಿನಾಯಿತಿ ಇಲ್ಲ.

ವಾರದ ಲೆಕ್ಕದಲ್ಲೂ ಗೊಂದಲವಿದೆ. ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಭ್ರೂಣಶಾಸ್ತ್ರದ ಪುಸ್ತಕಗಳು ಅಂಡಾಣು ಫಲಿತವಾದ ದಿನದಿಂದ ಎಣಿಸುತ್ತವೆ. ನಡುವೆ ಎರಡು ವಾರದ ಅಂತರ. ಮೊದಲ ತಿಂಗಳುಗಳಲ್ಲಿ ಎರಡು ವಾರವೆಂದರೆ ಸಣ್ಣ ಮಾತಲ್ಲ: ಕೊನೆಯ ಮುಟ್ಟಿನಿಂದ ಎಣಿಸಿದರೆ 8 ವಾರಕ್ಕೆ ಭ್ರೂಣದ ಉದ್ದ ಸುಮಾರು 1.6 ಸೆಂ.ಮೀ., 10 ವಾರಕ್ಕೆ ಸುಮಾರು 3 ಸೆಂ.ಮೀ. ಪುಸ್ತಕದ ‘8 ವಾರ’ದ ಚಿತ್ರವನ್ನು ತನ್ನ 8ನೇ ವಾರದ ಸ್ಕ್ಯಾನಿಗೆ ಹೋಲಿಸಿದ ತಾಯಿಗೆ ಮಗು ಬೆಳೆದೇ ಇಲ್ಲ ಎನಿಸುವುದು ಸಹಜ.

ಪತ್ರಿಕೆಯಿಂದ ನಾವು ಕೋರುವುದು ಚಿತ್ರದ ಕೆಳಗೆ ಒಂದೂವರೆ ಸಾಲಿನ ಜಾಗ. ಉದಾಹರಣೆಗೆ: ‘ಗರ್ಭಕೋಶದಿಂದ ಹೊರತೆಗೆದ ಭ್ರೂಣದ ಛಾಯಾಚಿತ್ರ, ಕೊನೆಯ ಮುಟ್ಟಿನಿಂದ 10 ವಾರ, ನಿಜ ಉದ್ದ ಸುಮಾರು 3 ಸೆಂ.ಮೀ.’ ಸ್ಕ್ಯಾನ್ ಆಗಿದ್ದರೆ ಸ್ಕ್ಯಾನ್ ಎಂದು, ಬಣ್ಣ ಆಮೇಲೆ ಹಾಕಿದ್ದಾದರೆ ಹಾಗೆಂದು, ಕಲಾವಿದರೋ ಕಂಪ್ಯೂಟರೋ ಬರೆದದ್ದಾದರೆ ಅದನ್ನೂ ನಮೂದಿಸಿ. ಮೂಲ ಗೊತ್ತಾಗದ ಚಿತ್ರವನ್ನು ದಯವಿಟ್ಟು ಕೈಬಿಡಿ.

— ಪ್ರಸೂತಿ ಸ್ಕ್ಯಾನಿಂಗ್ ವೈದ್ಯರು ಮತ್ತು ವೈದ್ಯಕೀಯ ಛಾಯಾಗ್ರಾಹಕರು, ಬೆಂಗಳೂರು